ನಾಲ್ಕು ಟೀ ಕಪ್, ಅರವತ್ತನಾಲ್ಕು ಎಣಿಕೆ

ಆ ಡಾನ್ಸನ್ನು ನಾನು ಮೊದಲು ಕಟ್ಟಿದ್ದು ನಾಲ್ಕು ಟೀ ಕಪ್‌ಗಳಲ್ಲಿ. ದುಬೈಯ ಒಂದು ಹೋಟೆಲಿನ ಬ್ಯಾಂಕ್ವೆಟ್ ವಿಭಾಗದಲ್ಲಿ ನಾನು ಸೂಪರ್‌ವೈಸರ್. ಮಧ್ಯಾಹ್ನದ ಊಟ ಮುಗಿದು, ಸಂಜೆಯ ಪಾರ್ಟಿಗೆ ಮೇಜು ಜೋಡಿಸುವ ಮೊದಲು ಮುಕ್ಕಾಲು ಗಂಟೆ ಬಿಡುವು ಸಿಗುತ್ತದೆ. ಉಳಿದವರು ಆ ಹೊತ್ತಿನಲ್ಲಿ ಕಾಲು ಚಾಚಿ ಮಲಗುತ್ತಾರೆ. ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಇದು ಹುಟ್ಟುಗುಣ, ಸುಟ್ಟರೂ ಹೋಗುವಂಥದ್ದಲ್ಲ. ಆ ಮೇ ತಿಂಗಳಿಡೀ ನಾನು ಪ್ಯಾಂಟ್ರಿಯ ಸ್ಟೀಲ್ ಮೇಜಿನ ಮೇಲೆ ಕಪ್‌ಗಳನ್ನು ಸರಿಸುತ್ತ ನಿಂತಿದ್ದೆ. ಬಿಳಿಯವೆರಡು ಒಂದು ಜೋಡಿ, ನೀಲಿ ಅಂಚಿನವೆರಡು ಇನ್ನೊಂದು ಜೋಡಿ. ಹೆಂಗಸರ ಕಪ್‌ನೊಳಗೆ ಒಂದೊಂದು ಸಕ್ಕರೆ ಪೊಟ್ಟಣ. ಹಿಡಿ ಯಾವ ಕಡೆಗೋ ಮುಖ ಆ ಕಡೆಗೆ. ತೊಳೆಯುವವನು ನನ್ನನ್ನು ನೋಡಿ ನೋಡಿ, ಕೊನೆಗೆ ಆ ನಾಲ್ಕು ಕಪ್‌ಗಳನ್ನು ಬೇರೆಯೇ ಎತ್ತಿಡಲು ಕಲಿತಿದ್ದ.

ಕಾಂಟ್ರಾ ಡಾನ್ಸ್ ಎಂದರೆ ಉದ್ದ ಸಾಲಿನ ನೃತ್ಯ. ಸಾಲಿನಲ್ಲಿ ಜೋಡಿಗಳು ಎದುರುಬದುರಾಗಿ ನಿಲ್ಲುತ್ತಾರೆ. ಎದುರಾದ ಎರಡು ಜೋಡಿ ಸೇರಿ ನಾಲ್ವರ ಒಂದು ಗುಂಪು. ಸಂಗೀತದ ಅರವತ್ತನಾಲ್ಕು ಎಣಿಕೆಯೊಳಗೆ ಆ ನಾಲ್ವರು ಸುತ್ತಿ, ಕೈ ಹಿಡಿದು, ತಿರುಗಿ, ಕೊನೆಗೆ ಒಬ್ಬರನ್ನೊಬ್ಬರು ದಾಟಿ ಮುಂದಿನ ಜೋಡಿಯ ಎದುರು ನಿಲ್ಲಬೇಕು. ಮತ್ತೆ ಅದೇ ಅರವತ್ತನಾಲ್ಕು. ಜೊತೆಗಾರರು ಬದಲಾಗುವುದಿಲ್ಲ, ನೆರೆಯವರು ಮಾತ್ರ ಬದಲಾಗುತ್ತಲೇ ಇರುತ್ತಾರೆ. ಇಂಟರ್‌ನ್ಯಾಷನಲ್ ಸಿಟಿಯ ಹಂಚಿಕೊಂಡ ಫ್ಲ್ಯಾಟುಗಳಲ್ಲಿ ಬದುಕಿದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ಹೆಜ್ಜೆ ಯಾವುದೆಂದು ಮೈಕಿನಲ್ಲಿ ಕೂಗಿ ಹೇಳುವವನು ಕಾಲರ್. ಹೆಜ್ಜೆ ಶುರುವಾಗುವ ಎರಡು ಎಣಿಕೆ ಮೊದಲೇ ಅವನು ಹೇಳಿರಬೇಕು. ಶುರುವಾದ ಮೇಲೆ ಹೇಳಿದರೆ ಬಸ್ಸು ಹೋದ ಮೇಲೆ ಕೈ ತೋರಿಸಿದ ಹಾಗೆ.

ನಾನು ಇದಕ್ಕೆ ಬಿದ್ದದ್ದು ಕುರ್ಚಿ ತೆಗೆಸಲು ಹೋಗಿ. ಒಂದು ಶಾಲೆಯ ಸಂಗೀತದ ಟೀಚರ್, ಅಮೆರಿಕದವರು, ಒಮ್ಮೆ ನಮ್ಮ ಹೋಟೆಲಿನ ಸಣ್ಣ ಹಾಲ್‌ನಲ್ಲಿ ಈ ಡಾನ್ಸ್ ಇಟ್ಟಿದ್ದರು. ಒಬ್ಬರು ಕಡಿಮೆ ಬಿದ್ದರೆಂದು ಸಮವಸ್ತ್ರದಲ್ಲಿದ್ದ ನನ್ನನ್ನೇ ಸಾಲಿಗೆ ಎಳೆದರು. ಆಮೇಲೆ ಅವರ ಶಾಲೆಯ ಸಭಾಂಗಣದಲ್ಲಿ ತಿಂಗಳಿಗೊಮ್ಮೆ ನಡೆಯುವ ಡಾನ್ಸಿಗೆ ತಪ್ಪದೆ ಹೋದೆ. ನಮ್ಮ ಕೊಂಕಣಿ ಮದುವೆಗಳಲ್ಲಿ ಹದಿನೈದು ವರ್ಷ ಎಂ.ಸಿ. ಆಗಿ, ಅಂದರೆ ಕಾರ್ಯಕ್ರಮ ನಿರೂಪಕನಾಗಿ, ಮೈಕ್ ಹಿಡಿದವನು ನಾನು. ಅತಿಥಿಗಳನ್ನು ಜೋಡಿ ಜೋಡಿಯಾಗಿ ಹಾಲಿನಲ್ಲಿ ಸುತ್ತಾಡಿಸುವ ಮದುವೆಯ ಮಾರ್ಚ್ ನಡೆಸುವುದು ನನ್ನ ಕೈಯ ಕೆಲಸ. ಎರಡನೇ ವರ್ಷದಲ್ಲಿ ಟೀಚರ್ ನನ್ನ ಕೈಗೂ ಮೈಕ್ ಕೊಟ್ಟರು. ಅವರ ಪಿಯಾನೋ ಮೇಲೆ ಒಂದು ಮರದ ಪೆಟ್ಟಿಗೆ ಇರುತ್ತಿತ್ತು, ಅದರ ತುಂಬ ಡಾನ್ಸುಗಳನ್ನು ಬರೆದ ಕಾರ್ಡುಗಳು. ಬೇಕಾದ್ದನ್ನು ಆರಿಸಿ ಕೂಗುವುದು ನನ್ನ ಪಾಲು.

ಆ ವರ್ಷ ಜೂನ್ ಕೊನೆಗೆ ಟೀಚರ್ ಊರಿಗೆ ಖಾಯಂ ಹೊರಟಿದ್ದರು. ಬರುವವರ ಸಂಖ್ಯೆ ಹದಿನಾಲ್ಕಕ್ಕೆ ಇಳಿದಿತ್ತು. ನಡೆಸುವ ಒಬ್ಬರ ಹೆಸರು ಕೊಟ್ಟರೆ ಮಾತ್ರ ಮುಂದಿನ ವರ್ಷ ಸಭಾಂಗಣ ಕೊಡುತ್ತೇವೆ ಎಂದಿತ್ತು ಶಾಲೆ. ಟೀಚರ್ ನನ್ನನ್ನು ಕೂರಿಸಿಕೊಂಡು ನೇರವಾಗಿ ಹೇಳಿದರು. "ನಿಮ್ಮ ಹೆಸರು ಕೊಡಬೇಕೆಂಬ ಆಸೆ ನನಗಿದೆ. ಆದರೆ ನೀವು ಬೇರೆಯವರ ಕಾರ್ಡು ಓದುತ್ತೀರಿ, ಚೆನ್ನಾಗಿ ಓದುತ್ತೀರಿ, ಅಷ್ಟೇ. ಕೊನೆಯ ಸಂಜೆಗೆ ನಿಮ್ಮದೇ ಒಂದು ಡಾನ್ಸ್ ತನ್ನಿ. ಹೊಸ ಜನರನ್ನೂ ತನ್ನಿ. ಅದು ನೆಲದ ಮೇಲೆ ನಿಂತರೆ ನಿಮ್ಮ ಹೆಸರು ಬರೆಯುತ್ತೇನೆ. ಇಲ್ಲದಿದ್ದರೆ ಇಲ್ಲಿಗೇ ಮುಗಿಸೋಣ."

ಅವತ್ತಿನಿಂದ ನನಗೆ ನಿದ್ದೆ ಸರಿಯಿಲ್ಲ. ಸತ್ಯ ಹೇಳಬೇಕೆಂದರೆ ನನಗೆ ಅದು ಬೇಕಾಗಿತ್ತು, ಹಸಿದವನಿಗೆ ಅನ್ನ ಬೇಕಾದ ಹಾಗೆ. ಹೋಟೆಲಿನಲ್ಲಿ ನಾನು ಕುರ್ಚಿ ಹಾಕಿಸುವುದು ಬೇರೆಯವರ ಸಂಭ್ರಮಕ್ಕೆ. ಮದುವೆಯಲ್ಲಿ ಮೈಕ್ ಹಿಡಿಯುವುದೂ ಬೇರೆಯವರ ಸಂಭ್ರಮಕ್ಕೆ. ನನ್ನದು ಎಂದು ಒಂದಾದರೂ ಇರಲಿ ಎಂಬ ಹಠ ಹಿಡಿಯಿತು. ನಡೆಯುವಾಗಲೂ ಎಂಟೆಂಟು ಹೆಜ್ಜೆ ಎಣಿಸುತ್ತಿದ್ದೆ. ಲಿಫ್ಟಿನಲ್ಲಿ ನಿಂತಲ್ಲೇ ಎಡಕ್ಕೆ ತಿರುಗಿ ಪಕ್ಕದವರ ಕಾಲು ತುಳಿದೆ.

ಎರಡು ವಾರ ಕಪ್ ಸರಿಸಿದ ಮೇಲೆ ಒಂದು ಮಧ್ಯಾಹ್ನ ಎಲ್ಲವೂ ಕೂಡಿಬಂತು. ನೆರೆಯವರೊಡನೆ ಸ್ವಿಂಗ್, ಹದಿನಾರು ಎಣಿಕೆ. ಸ್ವಿಂಗ್ ಎಂದರೆ ಜೋಡಿಯಾಗಿ ಹಿಡಿದು ಗಿರ್ರನೆ ಸುತ್ತುವುದು. ನಾಲ್ವರೂ ಕೈ ಹಿಡಿದು ಎಡಕ್ಕೆ ಮುಕ್ಕಾಲು ಸುತ್ತು, ಎಂಟು. ಜೊತೆಗಾರರೊಡನೆ ಸ್ವಿಂಗ್, ಎಂಟು. ಎರಡೂ ಸಾಲುಗಳು ಮುಂದೆ ಬಂದು ಹಿಂದೆ ಹೋಗಲಿ, ಎಂಟು. ಹೆಂಗಸರಿಬ್ಬರು ಬಲಗೈ ಕೊಟ್ಟು ಆಚೆಗೆ ದಾಟಲಿ, ಎಂಟು. ಹಾಗೆಯೇ ಮರಳಿ ಬರಲಿ, ಎಂಟು. ಕೊನೆಗೆ ಮತ್ತೆ ಮುಕ್ಕಾಲು ಸುತ್ತು, ಎಂಟು. ಅರವತ್ತನಾಲ್ಕು! ನೋಡುತ್ತೇನೆ, ನಾಲ್ಕು ಕಪ್‌ಗಳೂ ಹೊರಟ ಜಾಗಕ್ಕೇ ಕೂದಲೆಳೆ ವ್ಯತ್ಯಾಸವಿಲ್ಲದೆ ಬಂದು ನಿಂತಿವೆ. ಆ ಖುಷಿಗೆ ತೊಳೆಯುವವನನ್ನೂ ಕರೆದು ತೋರಿಸಿದೆ. ಕಾರ್ಡಿನಲ್ಲಿ ಅಂದವಾಗಿ ಬರೆದು ಫೋಟೋ ತೆಗೆದು ಟೀಚರಿಗೆ ವಾಟ್ಸಾಪ್ ಮಾಡಿದೆ.

ಉತ್ತರ ಹತ್ತು ನಿಮಿಷದಲ್ಲಿ ಬಂತು. "ಕೈಗಳು ತುಂಬ ಸಲೀಸಾಗಿ ಹರಿಯುತ್ತವೆ. ಆದರೆ ಯಾರೂ ಎಲ್ಲಿಗೂ ಹೋಗುತ್ತಿಲ್ಲ."

ಮೊದಲು ಸಿಟ್ಟು ಬಂತು, ಆಮೇಲೆ ಅರ್ಥವಾಯಿತು. ಎಲ್ಲರನ್ನೂ ಹೊರಟಲ್ಲಿಗೇ ತಂದು ನಿಲ್ಲಿಸಿದ್ದೆ! ಇದೇ ನಾಲ್ವರು ಗಾಣದ ಎತ್ತಿನ ಹಾಗೆ ಸಂಜೆಯಿಡೀ ತಮ್ಮಲ್ಲೇ ಸುತ್ತುತ್ತಿರಬೇಕು. ಮುಂದಿನ ಜೋಡಿ ಸಿಗುವುದೇ ಇಲ್ಲ. ಕಾಂಟ್ರಾ ಡಾನ್ಸಿನ ಮೊದಲ ಪಾಠವನ್ನೇ ನಾನು ಮರೆತಿದ್ದೆ. ಮರೆಯಲು ಕಾರಣವೂ ಇತ್ತು. ಮದುವೆಯ ಮಾರ್ಚಿನಲ್ಲಿ ಎಂ.ಸಿ.ಯ ಜಾಣತನ ಇರುವುದೇ ಎಲ್ಲರನ್ನೂ ಎಲ್ಲೆಲ್ಲೋ ಸುತ್ತಾಡಿಸಿ ಕೊನೆಗೆ ಅವರವರ ಜಾಗಕ್ಕೆ ಸೇರಿಸುವುದರಲ್ಲಿ. ಹದಿನೈದು ವರ್ಷದ ಅಭ್ಯಾಸ ಕಪ್‌ಗಳನ್ನು ಮನೆಗೆ ಕರೆತಂದಿತ್ತು. ಸರಿಪಡಿಸಲು ಎರಡೇ ಎಣಿಕೆ ಸಾಕಾಯಿತು. ಕೊನೆಯ ಸುತ್ತನ್ನು ಆರರಲ್ಲಿ ಮುಗಿಸಿ, ಉಳಿದ ಎರಡರಲ್ಲಿ ಎದುರಿನವರ ಬಲಭುಜ ದಾಟಿ ಮುಂದೆ ಹೋಗಬೇಕು. ಬರೆದೆ. ಆದರೆ ಮನಸ್ಸಿನಲ್ಲಿ ಚುಚ್ಚಿದ್ದು ಹೋಗಲಿಲ್ಲ.

ಮರುಶುಕ್ರವಾರ ಬೆಳಿಗ್ಗೆ ಅಬುಧಾಬಿಗೆ ಕಾರು ಓಡಿಸಿದೆ. ಅಲ್ಲಿ ಇನ್ನೊಬ್ಬ ಕಾಲರ್ ಇದ್ದರು, ಇಂಗ್ಲೆಂಡಿನ ಸರ್ವೇಯರ್, ಮಾತು ಕಡಿಮೆ. ಆರೋಗ್ಯ ಸರಿಯಿಲ್ಲದೆ ದುಬೈಗೆ ಬರುವುದನ್ನು ಬಿಟ್ಟಿದ್ದರು. ಅವರ ಅಡುಗೆಮನೆಯ ಮೇಜಿನ ಮೇಲೆ ಉಪ್ಪು, ಮೆಣಸಿನ ಡಬ್ಬಿಗಳನ್ನಿಟ್ಟು ನನ್ನ ಕಾರ್ಡನ್ನು ಎರಡು ಸಲ ನಡೆಸಿದರು. ನನ್ನ ಕಾಲು ಮೇಜಿನ ಕೆಳಗೆ ತಾನಾಗಿ ಕುಣಿಯುತ್ತಿತ್ತು.

"ತಪ್ಪೇನೂ ಇಲ್ಲ" ಎಂದರು. ನನ್ನ ಮುಖ ಅರಳಿರಬೇಕು, ತಕ್ಷಣ ಸೇರಿಸಿದರು. "ಇದನ್ನು ನಾನೇ ಬೇರೆ ಬೇರೆ ಹೆಸರಿನಲ್ಲಿ ಮೂರು ಬಾರಿ ಬರೆದಿದ್ದೇನೆ. ಎಲ್ಲರೂ ಒಮ್ಮೆ ಇದನ್ನು ಬರೆಯುತ್ತಾರೆ. ಇದರಲ್ಲಿ ನಿಮ್ಮದು ಯಾವುದು?"

ಅವರು ಚಹಾ ಕೊಟ್ಟರು, ನಾನು ಬಾಯಿ ಸುಟ್ಟುಕೊಂಡು ಕುಡಿದು ಎದ್ದೆ. ಹಿಂದಿರುಗುವ ದಾರಿಯುದ್ದಕ್ಕೂ ಆ ಮನುಷ್ಯನನ್ನು ಬೈದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ನನ್ನ ಹೆಗ್ಗಣದ ಬಾಲ ಎಳೆದಿದ್ದ ಅವನು. ಜೆಬೆಲ್ ಅಲಿ ದಾಟುವಷ್ಟರಲ್ಲಿ ಹಠ ಬಂದಿತ್ತು. ನನ್ನದು ಬೇಕೋ? ನಮ್ಮ ಮದುವೆಯ ಮಾರ್ಚಿನ ಕಮಾನನ್ನೇ ತರುತ್ತೇನೆ! ಒಂದು ಜೋಡಿ ಕೈ ಎತ್ತಿ ಕಮಾನು ಹಿಡಿಯುವುದು, ಇನ್ನೊಂದು ಜೋಡಿ ಅದರಡಿಯಲ್ಲಿ ನುಸುಳುವುದು. ಯಾವ ಇಂಗ್ಲಿಷಿನವನೂ ಮೂರು ಸಲ ಬರೆದಿರಲಾರ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಸಿಟ್ಟು ಮತ್ತು ತಮಾಷೆಗೆ ಮಾತ್ರ ಅವಳು ಶಾಲೆಯ ದಿನಗಳ ಕನ್ನಡಕ್ಕೆ ಬರುತ್ತಾಳೆ.

"ಕಮಾನು ಎಲ್ಲ ಸರಿ" ಎಂದಳು. "ನೀವು ಡಾನ್ಸ್ ಮಾಡ್ಲಿಕ್ಕೆ ಯಾವಾಗ ಬರ್ತೀರಿ?"

"ನಾನು ಕಾಲ್ ಮಾಡ್ಬೇಕಲ್ಲ."

"ಅದೇ. ಹದಿನೈದು ವರ್ಷದಿಂದ ಪ್ರತಿ ಮದುವೆಯಲ್ಲಿ ನಿಮ್ಮ ಕೋಟು ಹಿಡ್ಕೊಂಡು ಕುರ್ಚಿಯಲ್ಲಿ ಕೂತಿದ್ದೇನೆ ನಾನು. ಎಲ್ಲರ ಗಂಡಂದಿರೂ ಕುಣೀತಾರೆ. ನನ್ನ ಗಂಡ ಕುಣಿಸ್ತಾನೆ."

ನಾನು ನಕ್ಕೆ. ಅವಳು ನಗಲಿಲ್ಲ. ಆಗ ಅದನ್ನು ಗಮನಿಸುವ ವ್ಯವಧಾನ ನನಗಿರಲಿಲ್ಲ. ತಲೆಯ ತುಂಬ ಕಮಾನು.

ಜೂನ್ ಮೊದಲ ವಾರ ನಮ್ಮವರ ಒಂದು ಕುಟುಂಬ ಸಮ್ಮಿಲನವಿತ್ತು. ಅಲ್ಲಿ ಹನ್ನೆರಡು ಜೋಡಿಗಳನ್ನು ಕಾಡಿಬೇಡಿ ಸಾಲಿನಲ್ಲಿ ನಿಲ್ಲಿಸಿದೆ. ಆಸ್ಪತ್ರೆ, ಆಫೀಸು, ಹೋಟೆಲುಗಳಲ್ಲಿ ದುಡಿಯುವವರು, ಕೆಲವು ಆಂಟಿಯರು. ಫೋನಿನಿಂದ ಸ್ಪೀಕರಿಗೆ ಪಿಟೀಲಿನ ಸಂಗೀತ ಕೊಟ್ಟು ಮೈಕ್ ಹಿಡಿದೆ. ಕಮಾನು ಮೊದಲ ಸುತ್ತಿನಲ್ಲೇ ಕುಸಿಯಿತು. ಆರಡಿಯ ಗಂಡ ಐದಡಿಯ ಹೆಂಡತಿ ಕೈ ಎತ್ತಿದರೆ ಅದು ಕಮಾನಲ್ಲ, ಓರೆಯಾದ ಹಂಚಿನ ಮಾಡು. ಅದರಡಿ ನುಸುಳಿದ ಆಂಟಿಯ ತಲೆಯ ಹೂವೂ ಕ್ಲಿಪ್ಪೂ ಅಲ್ಲೇ ಉಳಿದವು. ನೆರೆಯವರೊಡನೆ ಸ್ವಿಂಗ್ ಎಂದು ಕೂಗಿದರೆ ಹೆಂಗಸರು ಎದುರಿನ ಗಂಡಸಿಗೆ ಬೆರಳ ತುದಿ ಕೊಟ್ಟು ದೂರವೇ ನಿಂತರು. "ಪರರ ಗಂಡನ ಹೆಗಲಿಗೆ ಕೈ ಹಾಕಿ ಸುತ್ತುವುದೆಂತದು ಮಾರಾಯ್ರೆ" ಎಂದು ಒಬ್ಬರು ಜೋರಾಗಿಯೇ ಹೇಳಿದರು.

ಇಷ್ಟನ್ನಾದರೂ ಸಹಿಸಬಹುದಿತ್ತು. ಆಮೇಲೆ ನಡೆದದ್ದು ಮಾತ್ರ ಏಕೆಂದೇ ನನಗೆ ತಿಳಿಯಲಿಲ್ಲ. ಕಾಂಟ್ರಾ ಸಾಲಿನ ತುದಿ ಮುಟ್ಟಿದ ಜೋಡಿಗೆ ಎದುರು ಯಾರೂ ಇರುವುದಿಲ್ಲ. ಅವರು ಒಂದು ಸುತ್ತು ಕಾದು, ತಿರುಗಿ ಮತ್ತೆ ಸಾಲಿಗೆ ಸೇರಬೇಕು. ನಮ್ಮವರು ಹಾಗೆ ಮಾಡಲಿಲ್ಲ. ತುದಿ ಮುಟ್ಟಿದ್ದೇ ತಡ, ಎರಡು ಚಪ್ಪಾಳೆ ತಟ್ಟಿ, ನನ್ನತ್ತ ನೋಡಿ ತಲೆ ಬಾಗಿಸಿ, ಹೋಗಿ ಕುರ್ಚಿಯಲ್ಲಿ ಕೂತರು. ಮೊದಲ ಸುತ್ತಿಗೆ ಆ ತುದಿಯಲ್ಲೊಂದು ಈ ತುದಿಯಲ್ಲೊಂದು ಜೋಡಿ ಹೋಯಿತು. ಎರಡನೆಯದಕ್ಕೆ ಇನ್ನೆರಡು. ನಾನು ಮೈಕಿನಲ್ಲಿ "ನಿಲ್ಲಿ, ನಿಲ್ಲಿ" ಎಂದು ಕೂಗುತ್ತಿದ್ದೆ. ಅವರು ಕೈ ಬೀಸಿ ನಗುತ್ತಿದ್ದರು. ನಾಲ್ಕು ಸುತ್ತು ಮುಗಿಯುವಾಗ ನಾಲ್ಕೇ ಜೋಡಿ ಉಳಿದಿದ್ದವು. ಎರಡು ತುದಿಯಿಂದಲೂ ಉರಿಯುವ ಊದುಬತ್ತಿಯ ಹಾಗೆ ನನ್ನ ಸಾಲು ಸವೆದುಹೋಯಿತು. ಊಟದ ಸಾಲಿನಲ್ಲಿ ಮಾತ್ರ ಎಲ್ಲರೂ ತುಂಬ ಚೆನ್ನಾಗಿತ್ತು ಎಂದರು.

ಉಳಿದದ್ದು ಒಂದೇ ಬಾಗಿಲು. ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಕೆಲಸದ ಫೋರ್‌ಮನ್ ಒಬ್ಬರಿದ್ದಾರೆ, ನಮ್ಮವರೇ. ನನಗಿಂತ ಮೊದಲಿನ ಎಂ.ಸಿ. ಅವರು, ಮಾರ್ಚ್ ನಡೆಸುವುದನ್ನು ನಾನು ಕಲಿತದ್ದು ಅವರ ಬೆನ್ನ ಹಿಂದೆ ನಿಂತು. ಸಂಬಂಧದಲ್ಲಿ ಏನೂ ಅಲ್ಲ, ಆದರೂ ನಾವೆಲ್ಲ ಅವರನ್ನು ಚಿಕ್ಕಪ್ಪನ ಲೆಕ್ಕದಲ್ಲಿ ಬಾಪ್ಪು ಎನ್ನುತ್ತೇವೆ. ಅವರ ಹೆಂಡತಿ ಮಂಗಳೂರಿನಲ್ಲಿ. ಇಲ್ಲಿ ಅವರು ವರ್ಷಗಟ್ಟಲೆಯಿಂದ ಒಂಟಿ. ಈ ಕಾಂಟ್ರಾವನ್ನು ಅವರು ನೋಡಿರಲಿಲ್ಲ. ಬೈಸಿಕೊಳ್ಳುವುದು ಖಚಿತ ಎಂದು ಗೊತ್ತಿದ್ದೇ ಶನಿವಾರ ಹೋದೆ. ಬಾನೆಟ್ಟಿನ ಮೇಲೆ ಎಂಟು ನಟ್ಟು ಜೋಡಿಸಿ ನನ್ನ ಡಾನ್ಸ್ ತೋರಿಸಿದೆ. ಸಮ್ಮಿಲನದಲ್ಲಿ ಆದದ್ದನ್ನೂ ಹೇಳಿದೆ.

"ನಮ್ಮವರಿಗೆ ಹೇಳಿದ್ದು ತಲೆಗೆ ಹೋಗುವುದಿಲ್ಲ ಬಾಪ್ಪು" ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು ಅವರು, ಕೈಯ ಗ್ರೀಸ್ ಒರೆಸುತ್ತ. "ಅವರದ್ದೆಂತ ತಪ್ಪುಂಟು? ನಮ್ಮ ಮಾರ್ಚಿನಲ್ಲಿ ವೇದಿಕೆ ಮುಟ್ಟಿದವ ಎಂತ ಮಾಡ್ತಾನೆ, ಹೇಳು."

"ಮದುಮಕ್ಕಳಿಗೆ ಚಪ್ಪಾಳೆ ತಟ್ಟಿ, ತಲೆ ಬಾಗಿಸಿ, ಹೋಗಿ ಕೂತ್ಕೊಳ್ತಾನೆ."

"ಮತ್ತೆ? ಅದನ್ನೇ ಮಾಡಿದ್ದು ಅವರು. ಕಲಿಸಿದ್ದು ಯಾರು? ನಾನು, ಮತ್ತೆ ನೀನು." ಸಾಲಿನ ತುದಿಯ ನಟ್ಟುಗಳ ಮೇಲೆ ಬೆರಳಿಟ್ಟರು. "ಈ ಎರಡನ್ನು ಸುಮ್ಮನೆ ನಿಲ್ಲಿಸಿದ್ದೀಯಲ್ಲ, ಸುಮ್ಮನೆ ನಿಂತವ ಕೂತ್ಕೊಳ್ತಾನೆ, ಕೂತವ ಊಟಕ್ಕೆ ಹೋಗ್ತಾನೆ. ಖಲಾಸ್. ನಡುವಿನವರ ಬಗ್ಗೆ ಇಷ್ಟೆಲ್ಲ ಯೋಚನೆ ಮಾಡಿದ್ದೀ. ತುದಿಯವರ ಬಗ್ಗೆ ಎಂತ ಮಾಡಿದ್ದೀ?"

ಏನೂ ಮಾಡಿರಲಿಲ್ಲ. ನಾಲ್ಕು ಕಪ್‌ಗಳಲ್ಲಿ ಡಾನ್ಸ್ ಕಟ್ಟಿದವನಿಗೆ ತುದಿ ಎನ್ನುವುದು ಕಣ್ಣಿಗೇ ಬಿದ್ದಿರಲಿಲ್ಲ. ನಾಲ್ಕು ಕಪ್‌ಗೆ ತುದಿ ಎಲ್ಲಿಂದ ಬರಬೇಕು? ಬಾಪ್ಪು ನನ್ನ ಕಮಾನಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಸೋಮವಾರ ಹೋಟೆಲಿನಲ್ಲಿ ಒಂದು ಆರತಕ್ಷತೆ. ಹುಡುಗರು ಮದುಮಕ್ಕಳ ಸೋಫಾವನ್ನು ಹಾಲಿನ ಒಂದು ತುದಿಯ ವೇದಿಕೆಗೆ ಎತ್ತಿಡುತ್ತಿದ್ದರು. ಇನ್ನಷ್ಟು ಎಡಕ್ಕೆ, ಇನ್ನಷ್ಟು ಹಿಂದಕ್ಕೆ ಎಂದು ಕೂಗುತ್ತಿದ್ದವನು ಅರ್ಧದಲ್ಲೇ ನಿಲ್ಲಿಸಿದೆ. ನಮ್ಮವರಿಗೆ ಹಾಲಿನ ತುದಿ ಎಂದರೆ ಕಾಯುವ ಜಾಗವಲ್ಲ. ಅದು ಮದುಮಕ್ಕಳ ಜಾಗ! ಹಾಗಾದರೆ ತುದಿ ಮುಟ್ಟಿದ ಜೋಡಿಯನ್ನೇ ಒಂದು ಸುತ್ತಿನ ಮಟ್ಟಿಗೆ ಮದುಮಕ್ಕಳು ಮಾಡಿದರೆ? ಸೋಫಾ ಗಾಳಿಯಲ್ಲೇ ಹಿಡಿದುಕೊಂಡಿದ್ದ ಹುಡುಗರು ನನ್ನನ್ನು ಶಪಿಸಿರಬೇಕು. ನಾನು ಪ್ಯಾಂಟ್ರಿಗೆ ಓಡಿ ನಾಲ್ಕರ ಬದಲು ಹನ್ನೆರಡು ಕಪ್ ಇಳಿಸಿದೆ.

ಕಮಾನನ್ನು ಕಿತ್ತುಹಾಕಿದೆ. ಮನಸ್ಸು ಒಪ್ಪಲಿಲ್ಲ, ಆದರೂ ಕಿತ್ತೆ. ನೆರೆಯವರೊಡನೆ ಸ್ವಿಂಗ್ ಇದ್ದ ಹದಿನಾರು ಎಣಿಕೆಯಲ್ಲಿ, ಮುಟ್ಟದೆ ಒಬ್ಬರ ಸುತ್ತ ಒಬ್ಬರು ಒಂದು ಸುತ್ತು, ಎಂಟು. ಬಲಗೈ ಹಿಡಿದು ಒಂದೂವರೆ ಸುತ್ತು, ಎಂಟು. ಬಲಗೈ ಕೊಡಲು ಯಾವ ಆಂಟಿಗೂ ತಕರಾರಿಲ್ಲ, ಮತ್ತು ಒಂದೂವರೆ ಸುತ್ತಿದರೆ ಎಲ್ಲರೂ ಮೊದಲಿನ ಸ್ವಿಂಗ್ ಮುಗಿಯುತ್ತಿದ್ದ ಜಾಗದಲ್ಲೇ ನಿಲ್ಲುತ್ತಾರೆ, ಮುಂದಿನ ಹೆಜ್ಜೆಗಳನ್ನು ಬದಲಿಸಬೇಕಾಗಿಲ್ಲ. ಇನ್ನು ತುದಿಯ ಜೋಡಿ. ಅವರು ಕೈ ಹಿಡಿದು, ತಲೆ ಎತ್ತಿ, ಮದುಮಕ್ಕಳ ಗತ್ತಿನಲ್ಲಿ ಸಾಲಿನ ಕಡೆ ನೋಡುತ್ತ ನಿಲ್ಲಬೇಕು. ಸಾಲಿನವರು ಜೊತೆಗಾರರೊಡನೆ ಸ್ವಿಂಗ್ ಮಾಡುವಾಗ ಅವರೂ ಮಾಡಬೇಕು. ಮುಗಿಸುವಾಗ ಹೆಂಗಸು ಬಲಗಡೆಗಿದ್ದು ಇಬ್ಬರ ಮುಖವೂ ಸಾಲಿನತ್ತ ಇದ್ದರೆ, ಮುಂದಿನ ಸುತ್ತಿಗೆ ಅವರು ಸಿದ್ಧ. ಎರಡು ತುದಿ, ಎರಡು ವೇದಿಕೆ.

ಟೀಚರಿಗೆ ಇದು ಹಿಡಿಸಲಿಲ್ಲ. ಶಾಲೆಯ ಸಂಗೀತದ ಕೋಣೆಯಲ್ಲಿ ಕಾರ್ಡನ್ನು ಮೂರು ಸಲ ಓದಿದರು. "ನೆರೆಯವರ ಸ್ವಿಂಗ್ ತೆಗೆದರೆ ಕಾಂಟ್ರಾದ ಜೀವ ತೆಗೆದ ಹಾಗೆ. ಮತ್ತೆ ಈ ಮದುಮಕ್ಕಳು! ಇಲ್ಲಿ ಯಾರೂ ಯಾರನ್ನೂ ನೋಡುತ್ತ ನಿಲ್ಲುವುದಿಲ್ಲ. ಎಲ್ಲರೂ ಸಮಾನರು, ಅದೇ ಇದರ ಚಂದ."

"ಎಲ್ಲರೂ ಒಂದೊಂದು ಸಲ ಮದುಮಕ್ಕಳಾದರೆ ಅದೂ ಸಮಾನವೇ ಅಲ್ಲವೇ?" ಎಂದೆ. ಸ್ವರ ಬೇಕಾದ್ದಕ್ಕಿಂತ ಏರಿತ್ತು.

ಅವರು ಕಾರ್ಡನ್ನು ನನ್ನ ಕೈಗೆ ಮರಳಿಸಿದರು. "ಕೂಗುವವರು ನೀವು. ನಿಮಗೆ ಖಾತ್ರಿಯಿದ್ದರೆ ಹಾಗೇ ಇರಲಿ" ಎಂದರು. ನನಗೆ ಖಾತ್ರಿ ಇರಲಿಲ್ಲ. ಇದೆ ಎಂದೆ.

ಅಬುಧಾಬಿಗೂ ಕಾರ್ಡು ಕಳಿಸಿದ್ದೆ. ಇಮೇಲಿನಲ್ಲಿ ಎರಡು ಸಾಲು ಬಂತು. "ಈಗ ಇದು ನಿಮ್ಮದು. ಕೊನೆಯ ಎರಡು ಎಣಿಕೆಯ ಮೇಲೆ ಕಣ್ಣಿಡಿ, ಜನ ಎಡವುವುದು ಅಲ್ಲೇ." ಅದನ್ನು ಎಷ್ಟು ಸಲ ಓದಿದೆನೋ, ಎರಡನೆಯ ಸಾಲನ್ನು ಓದಿದ ನೆನಪೇ ಇಲ್ಲ.

ಜೂನ್ ಕೊನೆಯ ಶುಕ್ರವಾರ, ಸಂಜೆ ಐದು. ಹೊರಗೆ ಬಿಸಿಗಾಳಿ, ಒಳಗೆ ಎಸಿ ಹಾಕಿದ್ದರೂ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಹಳೆಯ ಹದಿನಾಲ್ಕು ಮಂದಿ ಬಂದರು. ನಮ್ಮವರು ಬರುತ್ತಾರೋ ಇಲ್ಲವೋ ಎಂದು ನಾನು ಬಾಗಿಲಿಗೂ ಮೈಕಿಗೂ ನಡುವೆ ಅಲೆಯುತ್ತಿದ್ದೆ. ಐದೂವರೆಯ ಹೊತ್ತಿಗೆ ಕಾರು ಹಂಚಿಕೊಂಡು ಒಂದೊಂದೇ ತಂಡ ಬಂತು, ಸಮ್ಮಿಲನದಲ್ಲಿ ಹೋಗಿ ಕೂತಿದ್ದ ಅದೇ ಆಂಟಿಯರ ಸಮೇತ. ಬಾಪ್ಪು ಕೋಟು ಹಾಕಿ ಬಂದಿದ್ದರು. ಅವರಿಗೆ ಜೊತೆ ಇರಲಿಲ್ಲ, ನನ್ನ ಹೆಂಡತಿಗೂ ಇರಲಿಲ್ಲ. "ಬಾ ಮಗಾ" ಎಂದು ಅವರೇ ಅವಳನ್ನು ಕರೆದುಕೊಂಡು ಸಾಲಿಗೆ ಹೋದರು.

ಟೀಚರ್ ಪಿಯಾನೋಗೆ ಕೂತರು. ಪಕ್ಕದಲ್ಲಿ ಪಿಟೀಲು ನುಡಿಸುವ ಒಬ್ಬ ಎಂಜಿನಿಯರ್. ನನ್ನ ಡಾನ್ಸ್ ಬಂದದ್ದು ಮೂರನೆಯದಾಗಿ. ಸಂಗೀತವಿಲ್ಲದೆ ಎರಡು ಸಲ ನಡೆಸಿ ತೋರಿಸಿದೆ. ತುದಿಯ ವಿಷಯಕ್ಕೆ ಬಂದಾಗ, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕೊಂಕಣಿಯಲ್ಲಿ ಹೇಳಿದೆ: ತುದಿ ಮುಟ್ಟಿದವರು ಕೂರುವ ಹಾಗಿಲ್ಲ, ಅವರೇ ಮದುಮಕ್ಕಳು, ಮದುಮಕ್ಕಳು ಎದ್ದು ಹೋದರೆ ಮದುವೆ ಹೇಗೆ? ದೊಡ್ಡ ನಗೆ ಎದ್ದಿತು. ಪಿಟೀಲು ಶುರುವಾಯಿತು.

ಮೊದಲ ಸುತ್ತಿನಲ್ಲಿ ನಾನೇ ತಡವರಿಸಿದೆ. ಬಲಗೈ ಎನ್ನುವುದನ್ನು ತಡವಾಗಿ ಕೂಗಿದೆ, ಅರ್ಧ ಸಾಲು ಎಡಗೈ ಕೊಟ್ಟಿತು. ಎರಡನೆಯ ಸುತ್ತಿನಲ್ಲಿ ಸಾಲು ಕೂಡಿಕೊಂಡಿತು. ಆಗ ಈಚೆ ತುದಿಯಲ್ಲಿ ಮೊದಲ ಜೋಡಿ ಬಂದು ನಿಂತಿತು: ಓರೆ ಮಾಡಿನ ಆ ಆರಡಿ, ಐದಡಿ. ಹೆಂಡತಿ ಕುರ್ಚಿಯತ್ತ ಒಂದು ಹೆಜ್ಜೆ ಇಟ್ಟಳು. ಗಂಡ ಅವಳ ಕೈ ಎಳೆದು ನಿಲ್ಲಿಸಿ, ಇಲ್ಲದ ಟೈ ಸರಿಮಾಡಿಕೊಂಡ. ಅವಳು ನಾಚಿ ತಲೆ ಎತ್ತಿದಳು. ಸಾಲಿನಲ್ಲಿದ್ದ ಯಾರೋ ಸೀಟಿ ಹೊಡೆದರು. ಸ್ವಿಂಗ್ ಬಂದಾಗ ಇಬ್ಬರೂ ಗಿರ್ರನೆ ಸುತ್ತಿ, ಮುಖ ಸಾಲಿನತ್ತ ಮಾಡಿ, ಮುಂದಿನ ಸುತ್ತಿಗೆ ಒಳಗೆ ಹೋದರು. ಆಚೆ ತುದಿಯಲ್ಲಿ ಕೆನಡಾದ ಒಂದು ವಯಸ್ಸಾದ ಜೋಡಿ ಅದೇ ಗತ್ತಿನಲ್ಲಿ ಕೈ ಬೀಸುತ್ತಿತ್ತು. ಒಬ್ಬರೂ ಕೂರಲಿಲ್ಲ. ಸಂತೋಷದಲ್ಲಿ ಕೂಗಲು ಮರೆತು, ಒಂದು ಕರೆಯನ್ನು ಬರೀ ಕೈ ಸನ್ನೆಯಲ್ಲಿ ಮಾಡಿದೆ.

ಆರನೆಯ ಸುತ್ತಿಗೆ ಕೂಗುವುದನ್ನು ಕಡಿಮೆ ಮಾಡಿದೆ. ಎಂಟನೆಯದಕ್ಕೆ ಪೂರ್ತಿ ನಿಲ್ಲಿಸಿದೆ. ಕಾಲರ್ ಬಾಯಿ ಮುಚ್ಚಿದ ಮೇಲೂ ಸಾಲು ನಡೆದರೆ ಡಾನ್ಸ್ ನಿಂತಿತು ಎಂದರ್ಥ. ಸಾಲು ನಡೆಯುತ್ತಿತ್ತು. ನನಗೆ ಮಾಡಲು ಏನೂ ಇರಲಿಲ್ಲ. ಮೈಕ್ ಹಿಡಿದು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹಾಕುತ್ತ ನಿಂತೆ.

ಆಗ ನನ್ನ ಎದುರಿನ ತುದಿಗೆ ಬಾಪ್ಪು ಮತ್ತು ನನ್ನ ಹೆಂಡತಿ ಬಂದರು. ಅವಳ ಹಣೆಯ ಮೇಲೆ ಬೆವರು, ಮುಖ ಕೆಂಪಾಗಿತ್ತು. ಇಬ್ಬರೂ ಮದುಮಕ್ಕಳ ಹಾಗೆ ನಿಲ್ಲಬೇಕಿತ್ತು. ಬಾಪ್ಪು ನಿಲ್ಲಲಿಲ್ಲ. ನೇರ ವೇದಿಕೆ ಹತ್ತಿ ನನ್ನ ಬಳಿ ಬಂದು ಮೈಕಿಗೆ ಕೈ ಹಾಕಿದರು.

"ಕೊಡು ಇಲ್ಲಿ."

"ಬಾಪ್ಪು, ನಿಮಗೆ ಕರೆಗಳು ಗೊತ್ತಿಲ್ಲ..."

"ಯಾರಾದರೂ ಕರೀತಿದ್ದಾರಾ ಈಗ? ಇಳಿ ಕೆಳಗೆ. ಹುಡುಗಿ ಒಬ್ಬಳೇ ನಿಂತಿದ್ದಾಳೆ ಅಲ್ಲಿ. ಯಲ್ಲಾ, ಹೊರಡು."

ಇಳಿದೆ. ಅವಳ ಪಕ್ಕದಲ್ಲಿ ನಿಂತು ಕೈ ಹಿಡಿದೆ. ಅವಳು ನನ್ನತ್ತ ನೋಡಲಿಲ್ಲ, ಸಾಲಿನತ್ತಲೇ ನೋಡುತ್ತಿದ್ದಳು. ಹಿಡಿತ ಮಾತ್ರ ಬಿಗಿಯಾಗಿತ್ತು. ಸ್ವಿಂಗಿನಲ್ಲಿ ಸುತ್ತುವಾಗ ಅವಳು ಕಿವಿಯ ಹತ್ತಿರ ಹೇಳಿದಳು, "ನಿಮ್ಮ ಕೋಟು ಕುರ್ಚಿಯ ಮೇಲೆ ಬಿಟ್ಟು ಬಂದಿದ್ದೇನೆ. ಕಳೆದುಹೋದರೆ ಹೋಗಲಿ." ಅವಳು ಕುರ್ಚಿಯಲ್ಲಿ ಕೂತು ಕಳೆದ ಆ ಹದಿನೈದು ವರ್ಷ ನೆನೆದು ನನಗೆ ಅಳು ಬರುವ ಹಾಗಾಯಿತು.

ಮುಂದಿನ ಸುತ್ತಿಗೆ ನಾವು ಸಾಲಿನೊಳಗೆ ಹೋದೆವು. ಬಲಗೈ, ಒಂದೂವರೆ. ಮುಕ್ಕಾಲು ಸುತ್ತು. ಮತ್ತೆ ಅವಳೊಡನೆ ಸ್ವಿಂಗ್. ಸಾಲು ಹಿಂದೆ ಸರಿಯುವಾಗ ವೇದಿಕೆಯತ್ತ ಕಣ್ಣು ಹೋಯಿತು. ಮೈಕ್ ಸ್ಟ್ಯಾಂಡಿನ ಬುಡದಲ್ಲಿ, ಇಷ್ಟು ಹೊತ್ತು ನನ್ನ ಬೆನ್ನ ಹಿಂದಿದ್ದ ಕಡೆ, ಟೀಚರ್‌ರ ಕಾರ್ಡುಗಳ ಮರದ ಪೆಟ್ಟಿಗೆ ಕೂತಿತ್ತು. ಪಿಯಾನೋ ಮೇಲೆ ಅದು ಇರಲಿಲ್ಲ. ಡಾನ್ಸ್ ಶುರುವಾದ ಮೇಲೆ ಟೀಚರ್ ಪಿಯಾನೋ ಬಿಟ್ಟು ಎದ್ದಿರಲಿಲ್ಲ. ಅಂದರೆ ಒಂದು ಹೆಜ್ಜೆಯೂ ಬೀಳುವ ಮೊದಲೇ ಅವರು ಅದನ್ನು ನನಗೆಂದು ಅಲ್ಲಿ ಇಟ್ಟಿದ್ದರು.

ಹೆಂಗಸರು ದಾಟಿದರು, ಮರಳಿದರು. ನಾಲ್ವರೂ ಕೈ ಹಿಡಿದು ಕೊನೆಯ ಮುಕ್ಕಾಲು ಸುತ್ತು ಸುತ್ತಿದೆವು. ನಾನು ಹೊರಟಿದ್ದ ಜಾಗಕ್ಕೆ ಸರಿಯಾಗಿ ಬಂದು ನಿಂತೆ, ಪ್ಯಾಂಟ್ರಿಯ ಮೇಜಿನ ಮೇಲೆ ಬಿಳಿ ಕಪ್ ನಿಂತ ಹಾಗೆ. ನಿಂತೇಬಿಟ್ಟೆ. ಎದುರಿನವರು ನನ್ನ ಭುಜಕ್ಕೆ ಭುಜ ಡಿಕ್ಕಿ ಹೊಡೆದು ದಾಟಿದರು, ಹೊಸ ಜೋಡಿ ಅತ್ತ ಕಾಯುತ್ತಿತ್ತು, ಮೈಕಿನಲ್ಲಿ ಬಾಪ್ಪು ನಗುವುದು ಕೇಳಿಸುತ್ತಿತ್ತು.

ಹೆಂಡತಿ ಆಗಲೇ ಒಂದು ಹೆಜ್ಜೆ ಮುಂದಿದ್ದಳು. ತಿರುಗಿ ನನ್ನ ತೋಳು ಹಿಡಿದು ಎಳೆದಳು.

"ನಿಂತದ್ದೆಂತ ಮಾರಾಯ್ರೆ? ನಿಮ್ಮದೇ ಡಾನ್ಸ್ ಅಲ್ವಾ ಇದು? ಮುಂದೆ ಹೋಗುವ, ಬನ್ನಿ."